ಮನೆ ಹೋಗಿ ಬಾಗಿಲು ಉಳಿದ ಊರು

ಅಪ್ಪ ನಲವತ್ತು ವರ್ಷ ಚಿರೇಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ, ಮನೆ ಕಟ್ಟಿದವರು. ಹೊನ್ನಾವರದ ಸುತ್ತಮುತ್ತ ಯಾವ ಕೇರಿಗೆ ಹೋದರೂ "ಈ ಗೋಡೆ ನಾನೇ ಎಬ್ಬಿಸಿದ್ದು" ಅಂತ ತೋರಿಸುತ್ತಾರೆ. ಈಗ ಮಂಡಿನೋವು, ಕೆಲಸ ಬಿಟ್ಟಿದ್ದಾರೆ. ಗೋವಾಕ್ಕೆ ಎಷ್ಟೋ ಸಲ ಹೋಗಿದ್ದರು, ಎಲ್ಲವೂ ಕೆಲಸಕ್ಕೆ. ಹಳೆ ಗೋವಾ ಮಾತ್ರ ನೋಡಿರಲಿಲ್ಲ. "ಅಲ್ಲಿನ ಇಗರ್ಜಿ ಎಲ್ಲ ಚಿರೇಕಲ್ಲಿನದ್ದಂತೆ ಮಗಾ, ನಾನೂರು ವರ್ಷ ನಿಂತಿದಾವಂತೆ. ಒಂದ್ಸಲ ಮುಟ್ಟಿ ನೋಡ್ಬೇಕು" ಅನ್ನುತ್ತಿದ್ದರು. ಇಗರ್ಜಿ ಅಂದರೆ ಚರ್ಚು. ಫೆಬ್ರವರಿಯಲ್ಲಿ ಮೂರು ದಿನ ರಜೆ ಹಾಕಿ ಕರೆದುಕೊಂಡು ಹೋದೆ.

ಮೊದಲ ದಿನ: ಪಣಜಿ

ಬೆಳಿಗ್ಗೆ ಹೊನ್ನಾವರದಲ್ಲಿ ರೈಲು ಹತ್ತಿ ಮಡಗಾಂವ್‌ನಲ್ಲಿ ಇಳಿದೆವು. ಅಲ್ಲಿಂದ ಪಣಜಿಗೆ ಕದಂಬ ಬಸ್ಸು. ಗೋವಾದ ಸರಕಾರಿ ಬಸ್ಸಿನ ಹೆಸರೇ ಕದಂಬ ಅನ್ನೋದು ನಮ್ಮ ಕಡೆಯವರಿಗೆ ಯಾವಾಗಲೂ ಖುಷಿ ಕೊಡುವ ವಿಷಯ. ಬನವಾಸಿಯ ಹೆಸರು ಹೊತ್ತ ಆ ವಂಶದ ಒಂದು ಕವಲು ಗೋವಾವನ್ನು ಆಳಿತ್ತು. ಮೊದಲು ಚಂದ್ರಾಪುರ, ಅಂದರೆ ಈಗಿನ ಚಾಂದೋರ್, ಆಮೇಲೆ ಜುವಾರಿ ದಡದ ಗೋಪಕಪಟ್ಟಣ ಅವರ ರಾಜಧಾನಿ. ಆ ಗೋಪಕಪಟ್ಟಣದ ಜಾಗಕ್ಕೆ ಈಗ ಗೋವಾ ವೆಲ್ಹಾ ಅನ್ನುತ್ತಾರೆ. ಪೋರ್ಚುಗೀಸ್‌ನಲ್ಲಿ ವೆಲ್ಹಾ ಅಂದರೆ ಹಳೆಯದು. ನಾವು ನೋಡಲು ಹೊರಟ ಹಳೆ ಗೋವಾ ಬೇರೆ, ಅದು ಮಾಂಡೋವಿ ದಡದ್ದು. ಹೆಸರು ಒಂದೇ ಥರ ಇರುವುದರಿಂದ ತುಂಬ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ರೂಮಿನಲ್ಲಿ ಚೀಲ ಇಟ್ಟು, ಮೀನಿನ ಊಟ ಮುಗಿಸಿ, ಬಿಸಿಲು ಇಳಿದ ಮೇಲೆ ಹೊರಬಿದ್ದೆವು. ಪಣಜಿಯ ಬಿಳಿ ಇಗರ್ಜಿಯ ಫೋಟೊ ನೋಡದವರು ಯಾರಿದ್ದಾರೆ! 1541ರಲ್ಲಿ ಅಲ್ಲೊಂದು ಸಣ್ಣ ಪ್ರಾರ್ಥನಾ ಮಂದಿರ ಇತ್ತು. ಈಗಿನ ರೂಪ 1619ರದ್ದು. ಲಿಸ್ಬನ್‌ನಿಂದ ತಿಂಗಳುಗಟ್ಟಲೆ ಸಮುದ್ರದಲ್ಲಿ ಬಂದ ನಾವಿಕರು ಹಡಗು ಇಳಿದು ಇಲ್ಲಿಗೇ ಮೊದಲು ಬಂದು ಮೊಣಕಾಲೂರುತ್ತಿದ್ದರಂತೆ. ಎರಡೂ ಕಡೆಯಿಂದ ಅಂಕುಡೊಂಕಾಗಿ ಏರುವ ಮೆಟ್ಟಿಲು ಬಂದಿದ್ದು ಬಹಳ ತಡವಾಗಿ, 1871ರಲ್ಲಿ. ಅದೇ ಹೊತ್ತಿಗೆ ಮೇಲೆ ಗಂಟೆಯನ್ನೂ ಏರಿಸಿದರು. ಆ ಗಂಟೆ ಈ ಇಗರ್ಜಿಯದ್ದಲ್ಲ. ಹಳೆ ಗೋವಾದ ಸಂತ ಆಗಸ್ಟೀನ್ ಇಗರ್ಜಿ ಪಾಳುಬಿದ್ದಾಗ ಅಲ್ಲಿಂದ ಇಳಿಸಿ, ನಡುವೆ ಸ್ವಲ್ಪ ಕಾಲ ಆಗ್ವಾದಾ ಕೋಟೆಯಲ್ಲಿ ಇಟ್ಟು, ಆಮೇಲೆ ಇಲ್ಲಿಗೆ ತಂದಿದ್ದು. ನಾವು ಮೆಟ್ಟಿಲ ಮೇಲೆ ಕೂತಿದ್ದಾಗಲೇ ಸಂಜೆಯ ಗಂಟೆ ಹೊಡೆಯಿತು. ಎದೆಯೊಳಗೆ ನಡುಗುವಂಥ ದನಿ. ನಾಡಿದ್ದು ಇದರ ಮೂಲ ಮನೆ ನೋಡೋಣ ಅಂದರು ಅಪ್ಪ.

ಹತ್ತಿರದಲ್ಲೇ ಗಾರ್ಸಿಯಾ ದ ಓರ್ತಾ ಹೆಸರಿನ ಉದ್ಯಾನ ಇದೆ. ಓರ್ತಾ ವೈದ್ಯ. ನಮ್ಮ ದೇಶದ ಗಿಡಮೂಲಿಕೆ, ಮೆಣಸು, ಏಲಕ್ಕಿಗಳ ಬಗ್ಗೆ ಅವನು ಬರೆದ ಪುಸ್ತಕ 1563ರಲ್ಲಿ ಗೋವಾದಲ್ಲೇ ಅಚ್ಚಾಯಿತು. ಅವನ ಮನೆತನ ಯಹೂದಿ ಮೂಲದ್ದು. ಗುಟ್ಟಾಗಿ ಹಳೆ ಧರ್ಮವನ್ನೇ ನಡೆಸಿಕೊಂಡಿದ್ದ ಅಂತ, ಅವನು ಸತ್ತ ಎಷ್ಟೋ ವರ್ಷದ ಮೇಲೆ, 1580ರಲ್ಲಿ, ಇನ್‌ಕ್ವಿಸಿಷನ್, ಅಂದರೆ ಧರ್ಮ ತಪ್ಪಿದವರನ್ನು ವಿಚಾರಿಸುವ ಕ್ರೈಸ್ತ ನ್ಯಾಯಾಲಯದವರು ಗೋರಿಯಿಂದ ಮೂಳೆ ತೆಗೆದು ಸುಟ್ಟರು. ಈಗ ಅವನ ಹೆಸರಿನ ತೋಟದಲ್ಲಿ ಮಕ್ಕಳು ಆಡುತ್ತಾರೆ. ಕಲ್ಲುಬೆಂಚಿನ ಮೇಲೆ ಅರ್ಧ ಗಂಟೆ ಸುಮ್ನೆ ಕೂತಿದ್ದೆವು.

ಕತ್ತಲಾಗುವ ಮೊದಲು ಫೊಂಟೈನ್ಯಾಸ್ ಓಣಿಗಳಲ್ಲಿ ಓಡಾಡಿದೆವು. ಹಳದಿ, ನೀಲಿ, ಇಟ್ಟಿಗೆ ಬಣ್ಣದ ಮನೆಗಳು, ಹಂಚಿನ ಮಾಡು, ಬಾಗಿಲ ಪಕ್ಕ ಮನೆಯವರ ಹೆಸರು ಬರೆದ ನೀಲಿ ಬಿಳಿ ಟೈಲು. ಇವು ಜನ ಬದುಕುತ್ತಿರುವ ಮನೆಗಳು. ಫೋಟೊಕ್ಕಾಗಿ ಹೊಸ್ತಿಲ ಮೇಲೆ ಹತ್ತಿ ನಿಲ್ಲುವವರನ್ನು ನೋಡಿ ನಂಗೆ ಬೇಜಾರಾಯಿತು. ಒಂದು ಹಳೆ ಕಿಟಕಿಯಲ್ಲಿ ಗಾಜಿನ ಬದಲು ತೆಳ್ಳನೆಯ ಚಿಪ್ಪುಗಳನ್ನು ಮರದ ಚೌಕಟ್ಟಿಗೆ ಸಾಲಾಗಿ ಕೂರಿಸಿದ್ದರು. ಒಳಗೆ ದೀಪ ಹತ್ತಿದ ಕೂಡಲೇ ಇಡೀ ಕಿಟಕಿ ಹಾಲಿನ ಬಣ್ಣಕ್ಕೆ ತಿರುಗಿತು.

ಊಟಕ್ಕೆ ಕೂತಾಗ ಒಂದು ಮಾತು ಹೇಳಿದೆ. ಊರಲ್ಲಿ ಎಲ್ಲರೂ ಅಪ್ಪನನ್ನು ಕರೆಯೋದು ಮೇಸ್ತ್ರಿ ಅಂತ. ಆ ಪದ ಪೋರ್ಚುಗೀಸರದ್ದು. ಮೇಜು, ಪಾದ್ರಿ, ಬಟಾಟೆ, ಚಾವಿ ಇವೂ ಅವರಿಂದಲೇ ಬಂದವು. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾದ್ರೆ ನಾಳೆ ನೋಡೋದು ನಮ್ಮ ಕಸುಬಿನವರ ಕೆಲಸ" ಅಂದರು.

ಎರಡನೇ ದಿನ: ಹಳೆ ಗೋವಾ

ಪಣಜಿಯಿಂದ ಹಳೆ ಗೋವಾ ಸುಮಾರು 10 ಕಿ.ಮೀ. ಬಸ್ಸು ಊರು ದಾಟಿದ ಕೂಡಲೇ ರಿಬಂದರ್‌ವರೆಗೆ ನೀರು ಮತ್ತು ಗಜನಿಯ (ಉಪ್ಪುನೀರಿನ ಗದ್ದೆಯ) ನಡುವೆ ಒಂದು ನೇರ ರಸ್ತೆ ಸಿಗುತ್ತದೆ. ಅದು ರಸ್ತೆಯಷ್ಟೇ ಅಲ್ಲ, ಸುಮಾರು 3 ಕಿ.ಮೀ. ಉದ್ದದ ಕಲ್ಲಿನ ಸೇತುವೆ ದಾರಿ. ಲಿನ್ಹಾರೆಸ್‌ನ ಕೌಂಟ್ ವೈಸ್‌ರಾಯ್ ಆಗಿದ್ದಾಗ, 1630ರ ದಶಕದಲ್ಲಿ ಕಟ್ಟಿದ್ದು. ಇಂದಿಗೂ ಅದರ ಮೇಲೆ ವಾಹನ ಓಡುತ್ತವೆ. ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ ಕಮಾನು ಎಣಿಸೋಕೆ ನೋಡಿದರು.

ಹಳೆ ಗೋವಾದಲ್ಲಿ ಇಳಿದಾಗ ಮೊದಲು ಅನ್ನಿಸಿದ್ದು, ಊರು ಎಲ್ಲಿ ಅಂತ. ಹುಲ್ಲುಹಾಸು, ತೆಂಗಿನ ಮರ, ಅಗಲ ರಸ್ತೆ, ನಡುನಡುವೆ ಬೆಟ್ಟದಂಥ ಇಗರ್ಜಿಗಳು. ಮನೆಗಳೇ ಇಲ್ಲ. 1530ರಿಂದ ಪೋರ್ಚುಗೀಸರ ಪೂರ್ವ ಸಾಮ್ರಾಜ್ಯದ ರಾಜಧಾನಿ ಇದು. ಪೇಟೆ, ಆಸ್ಪತ್ರೆ, ಹಡಗುಕಟ್ಟೆ, ಕುದುರೆ ವ್ಯಾಪಾರ ಎಲ್ಲ ಇಲ್ಲಿತ್ತು. ಗೋವಾ ನೋಡಿದವನು ಲಿಸ್ಬನ್ ನೋಡಬೇಕಾಗಿಲ್ಲ ಅಂತ ಅವರಲ್ಲೇ ಗಾದೆ ಇತ್ತು. ಆಮೇಲೆ ಮಲೇರಿಯಾ, ಕಾಲರಾ. ಅಲೆಅಲೆಯಾಗಿ ಜನ ಸತ್ತರು. 1695ರಲ್ಲಿ ವೈಸ್‌ರಾಯ್ ಊರು ಬಿಟ್ಟ. 1759ರಲ್ಲಿ ಅವನ ನಿವಾಸ ಪಣಜಿಗೆ ಹೋಯಿತು. 1843ರಲ್ಲಿ ಪಣಜಿಯೇ ರಾಜಧಾನಿ ಅಂತ ಆಯಿತು. ಬಿಟ್ಟುಹೋದ ಕಟ್ಟಡಗಳ ಕಲ್ಲು ಕಿತ್ತು ಪಣಜಿ ಕಟ್ಟಲು ಒಯ್ದರು. ನಿನ್ನೆ ನಾವು ನೋಡಿದ ಗೋಡೆಗಳಲ್ಲಿ ಈ ಊರಿನ ಕಲ್ಲು ಎಷ್ಟಿದೆಯೋ!

ಮೊದಲು ಬೊಮ್ ಜೀಸಸ್ ಬೆಸಿಲಿಕಾ. 1594ರಲ್ಲಿ ಶುರುವಾಗಿ 1605ರಲ್ಲಿ ಮುಗಿದದ್ದು. ಎದುರಿನಿಂದ ನೋಡಿದರೆ ಕಣ್ಣಿಗೆ ಬೀಳೋದು ಕೆಂಪು. ಸುತ್ತಲಿನ ಇಗರ್ಜಿಗಳೆಲ್ಲ ಬಿಳಿ, ಇದೊಂದೇ ಬರೀ ಚಿರೇಕಲ್ಲು. ಕಂಬ, ಅಂಚು, ಮೇಲಿನ ಕೆತ್ತನೆಗೆ ಮಾತ್ರ ವಸಾಯಿಯಿಂದ ತಂದ ಕರಿಕಲ್ಲು.

ಅಪ್ಪ ಒಳಗೆ ಹೋಗಲೇ ಇಲ್ಲ. ಪಕ್ಕದ ಗೋಡೆಗೆ ಹೋಗಿ ಅಂಗೈ ಒತ್ತಿ ನಿಂತರು. ಬೆರಳಿನಿಂದ ಸಂದು ಸವರಿದರು. ಆಮೇಲೆ ಗೆಣ್ಣಿನಿಂದ ಮೆಲ್ಲಗೆ ಬಡಿದು ಸದ್ದು ಕೇಳಿದರು. ಒಂದು ಕಡೆ ಕಲ್ಲಿನ ತೂತುಗಳಲ್ಲಿ ಕಪ್ಪು ಪಾಚಿ ಒಣಗಿ ಕೂತಿತ್ತು. ಇನ್ನೊಂದು ಕಲ್ಲಿನ ಮೈ ಉದುರಿ ಒಳಗಿನ ಹಳದಿ ಜೇಡಿ ಕಾಣುತ್ತಿತ್ತು. ಅಪ್ಪ ಮುಟ್ಟಿದಲ್ಲಿ ಬೆರಳಿಗೆ ಕೆಂಪು ಪುಡಿ ಹತ್ತಿತು.

"ಇದಕ್ಕೆ ಗಾರೆ ಇತ್ತು ಮಗಾ. ಗಾರೆ ಇಲ್ದೆ ಹಿಂಗೆ ಕಟ್ಟೋದಿಲ್ಲ."

ಸರಿಯಾಗಿಯೇ ಹೇಳಿದ್ದರು. ಈ ಕಟ್ಟಡಕ್ಕೂ ಸುಣ್ಣದ ಗಾರೆ ಇತ್ತು. 1950ರ ದಶಕದಲ್ಲಿ, ಕಲ್ಲು ಕಂಡರೆ ಹಳೆಯದಾಗಿ ಚೆಂದ ಕಾಣುತ್ತದೆ ಅಂತ ಒಬ್ಬ ಪೋರ್ಚುಗೀಸ್ ವಾಸ್ತುಶಿಲ್ಪಿ ಅದನ್ನು ಕೆರೆಸಿ ತೆಗೆಸಿದ. ಅಲ್ಲಿಂದ ಈ ಗೋಡೆ ಪ್ರತಿ ಮಳೆಗಾಲ ಬರಿಮೈಯಲ್ಲಿ ನೆನೆಯುತ್ತಿದೆ. ಗೋವಾದಲ್ಲಿ ವರ್ಷಕ್ಕೆ ಬೀಳೋ ಮಳೆ ಸುಮಾರು 3,000 ಮಿ.ಮೀ. ಮತ್ತೆ ಗಾರೆ ಹಾಕಿ ಅಂತ ಇಗರ್ಜಿಯವರೂ ಕೆಲವು ವಾಸ್ತುಶಿಲ್ಪಿಗಳೂ ಕೇಳುತ್ತಿದ್ದಾರೆ. ಕೆಂಪಾಗಿ ನೋಡಿ ಅಭ್ಯಾಸ ಆದವರು ಬೇಡ ಅನ್ನುತ್ತಾರೆ.

ಚಿರೇಕಲ್ಲಿನ ಗುಣ ಅಪ್ಪ ಅಲ್ಲೇ ನಿಂತು ಹೇಳಿದರು. ನೆಲದಿಂದ ಕಡಿಯುವಾಗ ಮೆತ್ತಗಿರುತ್ತದೆ, ಕೊಡಲಿಯಲ್ಲೇ ಕೆತ್ತಬಹುದು. ಗಾಳಿ ಬಿಸಿಲಿಗೆ ಇಟ್ಟರೆ ಗಟ್ಟಿಯಾಗುತ್ತದೆ. ಆದರೆ ಮೈತುಂಬ ತೂತು, ನೀರು ಕುಡಿಯುತ್ತದೆ. ಚಿಪ್ಪು ಸುಟ್ಟ ಸುಣ್ಣದ ಗಾರೆ ಹಚ್ಚಿದರೆ ಮಳೆ ಹೊರಗೇ ಇಳಿದುಹೋಗುತ್ತದೆ, ಒಳಗಿನ ತೇವ ಆರೋದಕ್ಕೂ ದಾರಿ ಇರುತ್ತದೆ. ಸಿಮೆಂಟ್ ಹಚ್ಚಿದರೆ ಆ ದಾರಿ ಮುಚ್ಚಿ ಕಲ್ಲು ಒಳಗೇ ಕೊಳೆಯುತ್ತದೆ. ನನಗೇನೋ ಆ ಕೆಂಪು ಬಣ್ಣ ತುಂಬ ಇಷ್ಟವಾಗಿತ್ತು. ಅಪ್ಪನ ಮಾತು ಕೇಳಿದ ಮೇಲೆ ಮತ್ತೆ ಗಾರೆ ಹಾಕಲೇಬೇಕು ಅನ್ನಿಸಿದೆ. ಚೆಂದಕ್ಕಿಂತ ಗೋಡೆ ಉಳಿಯೋದು ಮುಖ್ಯ ಅಲ್ವಾ?

ಒಳಗೆ ಬಲಗಡೆ ಎತ್ತರದಲ್ಲಿ ಸಂತ ಫ್ರಾನ್ಸಿಸ್ ಜೇವಿಯರ್ ದೇಹ ಇರುವ ಬೆಳ್ಳಿಯ ಪೆಟ್ಟಿಗೆ. ಜೇವಿಯರ್ ತೀರಿಕೊಂಡಿದ್ದು 1552ರಲ್ಲಿ, ಚೀನಾ ಕರಾವಳಿಯ ಒಂದು ದ್ವೀಪದಲ್ಲಿ. ಗೋವಾಕ್ಕೆ ದೇಹ ಬಂದಿದ್ದು 1554ರಲ್ಲಿ. ಪೆಟ್ಟಿಗೆ ಗೋವಾದ ಅಕ್ಕಸಾಲಿಗರ ಕೆಲಸ. ಅದರ ಕೆಳಗಿನ ಅಮೃತಶಿಲೆಯ ಪೀಠ ಇಟಲಿಯದ್ದು. ಟಸ್ಕನಿಯ ದೊರೆ ಮೂರನೇ ಕೊಸಿಮೊ ಮೆಡಿಚಿ ಕೊಟ್ಟ ಕಾಣಿಕೆ. ಫೊಗಿನಿ ಎಂಬ ಶಿಲ್ಪಿ ಮಾಡಿದ್ದು, 1698ರಲ್ಲಿ ಬಂದು ಸೇರಿತು. ಹತ್ತು ವರ್ಷಕ್ಕೊಮ್ಮೆ ಪೆಟ್ಟಿಗೆ ಕೆಳಗಿಳಿಸಿ ದರ್ಶನಕ್ಕೆ ಇಡುತ್ತಾರೆ. ಹೋದ ಸಲ ನಡೆದಿದ್ದು 2024ರ ನವೆಂಬರ್‌ನಿಂದ 2025ರ ಜನವರಿವರೆಗೆ.

ರಸ್ತೆಯ ಆಚೆ ಸೇ ಕೆಥೆಡ್ರಲ್. 1562ರಲ್ಲಿ ಶುರು, 1619ರಲ್ಲಿ ಕಟ್ಟಡ ಮುಗಿಯಿತು. ಎರಡು ಗೋಪುರ ಇತ್ತು, ಒಂದು 1776ರಲ್ಲಿ ಬಿತ್ತು. ಮತ್ತೆ ಕಟ್ಟಲಿಲ್ಲ. ಉಳಿದ ಗೋಪುರದಲ್ಲಿ ಚಿನ್ನದ ಗಂಟೆ ಅಂತ ಹೆಸರಾದ ದೊಡ್ಡ ಗಂಟೆ ಇದೆ. ಒಳಗೆ ನಿಂತರೆ ನಮ್ಮ ಚಪ್ಪಲಿ ಸದ್ದೇ ನಮಗೆ ತಿರುಗಿ ಕೇಳಿಸುತ್ತದೆ. ಪಕ್ಕದ ಸಂತ ಫ್ರಾನ್ಸಿಸ್ ಅಸ್ಸಿಸಿ ಇಗರ್ಜಿಯ ನೆಲದ ತುಂಬ ಗೋರಿಕಲ್ಲುಗಳು, ಮನೆತನದ ಲಾಂಛನ ಕೆತ್ತಿದವು. ಅವುಗಳ ಮೇಲೆಯೇ ನಡೆಯಬೇಕು. ಅಪ್ಪ ಆದಷ್ಟೂ ಅಂಚಿನಲ್ಲೇ ನಡೆದರು.

ಅದಕ್ಕೆ ಅಂಟಿಕೊಂಡ ಮಠದಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ. ಮೇಲೆ ವೈಸ್‌ರಾಯ್‌ಗಳ ಸಾಲುಸಾಲು ಚಿತ್ರಗಳು. ಅವನ್ನೆಲ್ಲ ಬೇಗ ದಾಟಿದೆವು. ನನ್ನನ್ನು ಹಿಡಿದು ನಿಲ್ಲಿಸಿದ್ದು ಕದಂಬರ ಕಾಲದ ಒಂದು ವೀರಗಲ್ಲು. ನಮ್ಮೂರ ಕಡೆ ವೀರಗಲ್ಲು ಅಂದರೆ ಕುದುರೆ, ಬಿಲ್ಲು, ಗೋವು. ಇದರಲ್ಲಿ ಹಡಗು! ಸಾಲಾಗಿ ಹುಟ್ಟು ಹಾಕುವವರು, ನೀರಿನ ಮೇಲಿನ ಕಾಳಗ. ಗೋವಾ ಗೆದ್ದ ಪೋರ್ಚುಗೀಸ್ ನಾಯಕ ಅಲ್ಬುಕರ್ಕ್ ಹುಟ್ಟುವ ನೂರಾರು ವರ್ಷ ಮೊದಲೇ ಈ ನೀರಿನಲ್ಲಿ ಹಡಗಿನ ಮೇಲೆ ಹೋರಾಡಿ ಸತ್ತ ಒಬ್ಬನ ನೆನಪು ಅದು.

ಮಧ್ಯಾಹ್ನದ ಮೇಲೆ ಶುರುವಾಗಿದ್ದು ಬಾಗಿಲುಗಳ ಸರದಿ.

ಮೊದಲನೆಯದು ಸಂತ ಕ್ಯಾಥರಿನ್ ಚಾಪೆಲ್. ಅಲ್ಲಿರುವ ಕಲ್ಲಿನ ಬರಹದ ಪ್ರಕಾರ, 1510ರ ಸಂತ ಕ್ಯಾಥರಿನ್ ದಿನ ಅಲ್ಬುಕರ್ಕ್ ಊರೊಳಗೆ ನುಗ್ಗಿದ ಬಾಗಿಲು ಇದ್ದ ಜಾಗ ಇದು. ಆ ದಿನ ನವೆಂಬರ್ 25. ಅದೇ ವರ್ಷದ ಆರಂಭದಲ್ಲಿ ಒಮ್ಮೆ ಹಿಡಿದು, ಮೇ ತಿಂಗಳಲ್ಲಿ ವಿಜಯಪುರದ ಆದಿಲ್‌ಶಾಹಿ ಸೇನೆಗೆ ಕಳೆದುಕೊಂಡು, ಮತ್ತೆ ಬಂದಿದ್ದ. ಅವನನ್ನು ಗೋವಾಕ್ಕೆ ಕರೆತಂದವರಲ್ಲಿ ದೊಡ್ಡ ಹೆಸರು ನಮ್ಮ ಹೊನ್ನಾವರದ ತಿಮ್ಮೋಜನದ್ದು. ವಿಜಯನಗರಕ್ಕೆ ಬೇಕಾದವನು, ಆದಿಲ್‌ಶಾಹಿಗಳಿಗೆ ವೈರಿ, ಸ್ವಂತ ಹಡಗುಪಡೆ ಇದ್ದವನು. ಊರು ಕೈಗೆ ಬಂದ ಮೇಲೆ ಮುಸ್ಲಿಮರನ್ನು ಹುಡುಕಿ ಹುಡುಕಿ ಕೊಂದರು. ಸತ್ತವರು ಸುಮಾರು 6,000 ಅಂತ ಅಲ್ಬುಕರ್ಕ್‌ನೇ ತನ್ನ ರಾಜನಿಗೆ ಬರೆದಿದ್ದಾನೆ. ತಿಮ್ಮೋಜನ ಕಥೆ ಹೇಳಿದಾಗ ಅಪ್ಪನ ಮುಖ ಅರಳಿತ್ತು. ಈ ಲೆಕ್ಕ ಹೇಳಿದ ಮೇಲೆ ಸುಮ್ಮನಾದರು.

ಎರಡನೆಯ ಬಾಗಿಲು ಸಂತ ಕಜೆತಾನ್ ಇಗರ್ಜಿಯ ಪಕ್ಕದ ಹುಲ್ಲಿನ ಮೇಲೆ ನಿಂತಿದೆ. ಇಗರ್ಜಿ ರೋಮ್‌ನ ಸಂತ ಪೀಟರ್ ಇಗರ್ಜಿಯ ಮಾದರಿಯದ್ದು, ಗುಮ್ಮಟದ ನೇರ ಕೆಳಗೆ ಒಂದು ಬಾವಿ ಇದೆ. ಆದರೆ ನನ್ನ ಕಣ್ಣು ಹೋಗಿದ್ದು ಹೊರಗಿನ ಕರಿಕಲ್ಲಿನ ಚೌಕಟ್ಟಿನ ಕಡೆ. ಕೆಳಗೆ ಕೆಲವು ಮೆಟ್ಟಿಲು, ಎರಡು ಕಂಬ, ಮೇಲೊಂದು ತೊಲೆ, ಪಕ್ಕದಲ್ಲಿ ಕಲ್ಲಿನ ಜಾಲರಿಯ ತುಂಡು. ಆದಿಲ್ ಶಾ ಅರಮನೆಯದ್ದು ಅಂತ ಉಳಿದಿರೋದು ಇಷ್ಟೇ. ಆಮೇಲೆ ಪೋರ್ಚುಗೀಸ್ ವೈಸ್‌ರಾಯ್‌ಗಳೂ ನೂರೈವತ್ತು ವರ್ಷದ ಹತ್ತಿರ ಇದೇ ಅರಮನೆಯಲ್ಲಿದ್ದರು. ಈಗ ಆ ಬಾಗಿಲಿನೊಳಗೆ ಹೋದರೆ ಸಿಗೋದು ಮತ್ತೆ ಹುಲ್ಲು. ಅಪ್ಪ ಮೆಟ್ಟಿಲು ಹತ್ತಿ, ದಾಟಿ, ಆಚೆ ನಿಂತು ಹಿಂತಿರುಗಿ ನೋಡಿದರು. "ಕೆತ್ತನೆ ನಮ್ಮ ದೇವಸ್ಥಾನದ್ದರ ಹಂಗೇ ಇದೆ. ಕಟ್ಟಿದವರು ಇಲ್ಲಿಯವರೇ" ಅಂದರು.

ಮೂರನೆಯದು ಹೊಳೆಯ ಕಡೆ ಇಳಿಯುವ ರಸ್ತೆಗೆ ಅಡ್ಡವಾಗಿರುವ ವೈಸ್‌ರಾಯ್ ಕಮಾನು. ವಾಸ್ಕೋ ಡ ಗಾಮನ ಮರಿಮಗ ಫ್ರಾನ್ಸಿಸ್ಕೊ ಡ ಗಾಮ ಇಲ್ಲಿ ವೈಸ್‌ರಾಯ್ ಆಗಿದ್ದಾಗ, ಮುತ್ತಜ್ಜ ಬಂದು ನೂರು ವರ್ಷವಾದ ನೆನಪಿಗೆ ಕಟ್ಟಿಸಿದ್ದು. ಹೊಳೆಯ ಕಡೆಗೆ ವಾಸ್ಕೋನ ಮೂರ್ತಿ. ಒಳಗಿನ ಕಡೆಗೆ ಒಬ್ಬ ಹೆಂಗಸಿನ ಮೂರ್ತಿ, ಅವಳ ಕಾಲ ಕೆಳಗೆ ರುಮಾಲು ಸುತ್ತಿದ ಗಂಡಸು ಬಿದ್ದಿದ್ದಾನೆ. ಅದನ್ನು ನೋಡುತ್ತ ನಿಲ್ಲೋದು ಕಷ್ಟವಾಯಿತು. ಹೊಸ ವೈಸ್‌ರಾಯ್ ಹಡಗಿನಿಂದ ಇಳಿದು ಈ ಕಮಾನಿನ ಹತ್ತಿರವೇ ಊರಿನ ಚಾವಿ ಪಡೆಯುತ್ತಿದ್ದ. ಚಾವಿ, ಅದೇ ಪದ! 1954ರಲ್ಲಿ ಇದನ್ನು ಹೆಚ್ಚುಕಡಿಮೆ ಹೊಸದಾಗಿ ಕಟ್ಟಿದರು. ಏಳೇ ವರ್ಷದ ಮೇಲೆ, 1961ರ ಡಿಸೆಂಬರ್ 19ಕ್ಕೆ, 451 ವರ್ಷದ ಆಳ್ವಿಕೆ ಮುಗಿಯಿತು.

ವಾಪಸ್ ಬರುವಾಗ ಪೊಂಡಾ ರಸ್ತೆಯಲ್ಲಿ ಸಂತ ಪಾಲ್ ಕಾಲೇಜಿನ ಬಾಗಿಲನ್ನೂ ನೋಡಿಬಂದೆವು. ಅಲ್ಲೂ ಅಷ್ಟೇ, ಮುಂಬಾಗಿಲು ಮಾತ್ರ, ಹಿಂದೆ ಗಿಡಗಂಟಿ. ಇಥಿಯೋಪಿಯಾಕ್ಕೆ ಹೊರಟಿದ್ದ ಅಚ್ಚಿನ ಯಂತ್ರ 1556ರಲ್ಲಿ ಗೋವಾದಲ್ಲೇ ಉಳಿದು ಈ ಕಾಲೇಜಿಗೆ ಸೇರಿತು. ನಮ್ಮ ದೇಶದ ಮೊದಲ ಮುದ್ರಣಾಲಯ ಅದು. ದಿನಾ ಅಕ್ಷರ ಓದಿ ಬದುಕುವ ನನಗೆ ಆ ಪಾಳು ಬಾಗಿಲ ಮುಂದೆ ಕೈಮುಗಿಯಬೇಕು ಅನ್ನಿಸಿತು.

ಮೂರನೇ ದಿನ: ಗೋಪುರ, ಹೊಳೆ, ದೀವಾಡಿ

ಬೆಳಿಗ್ಗೆಯೇ ಗುಡ್ಡದ ಮೇಲಿನ ಸಂತ ಆಗಸ್ಟೀನ್ ಗೋಪುರಕ್ಕೆ ಹೋದೆವು. 46 ಮೀಟರ್ ಎತ್ತರ, ಪೂರ್ತಿ ಚಿರೇಕಲ್ಲು, ಒಂದು ಮಗ್ಗುಲು ಸೀಳಿ ಬಿದ್ದುಹೋಗಿದೆ. ಇಂಥ ನಾಲ್ಕು ಗೋಪುರ ಇದ್ದವು. 1835ರಲ್ಲಿ ಸರಕಾರ ಸನ್ಯಾಸಿಗಳ ಮಠಗಳನ್ನು ಮುಚ್ಚಿಸಿತು. ನೋಡಿಕೊಳ್ಳುವವರು ಇಲ್ಲ. 1842ರಲ್ಲಿ ಒಳಮಾಡು ಕುಸಿಯಿತು. 1931ರಲ್ಲಿ ಮುಂಭಾಗ ಬಿತ್ತು. "ಮಾಡು ಹೋದ್ರೆ ಮನೆ ಹೋಯ್ತು. ನಮ್ಮೂರಲ್ಲೂ ಅಷ್ಟೇ, ಮಕ್ಕಳು ಬೆಂಗಳೂರಿಗೆ ಹೋದ ಮನೆ ನೋಡು" ಅಂದರು ಅಪ್ಪ. ಮೊನ್ನೆ ಸಂಜೆ ಕೇಳಿದ ಗಂಟೆ ಎಲ್ಲಿ ತೂಗುತ್ತಿತ್ತು ಅಂತ ಇಬ್ಬರೂ ಮೇಲೆ ನೋಡಿದೆವು. ಅಲ್ಲೀಗ ಗಿಳಿಗಳು.

ಇದೇ ಪಾಳಿನಲ್ಲಿ ಸಿಕ್ಕಿದ್ದು ಜಾರ್ಜಿಯಾ ದೇಶದ ರಾಣಿ ಕೆಟೆವಾನ್‌ಳ ಮೂಳೆ. ಧರ್ಮ ಬಿಡಲು ಒಪ್ಪದ ಅವಳನ್ನು 1624ರಲ್ಲಿ ಪರ್ಷಿಯಾದ ಶಾ ಅಬ್ಬಾಸ್ ಶಿರಾಜ್‌ನಲ್ಲಿ ಹಿಂಸಿಸಿ ಕೊಲ್ಲಿಸಿದ. ಅಲ್ಲಿದ್ದ ಆಗಸ್ಟೀನ್ ಪಂಥದ ಪಾದ್ರಿಗಳು ಮೂಳೆಗಳನ್ನು ಗುಟ್ಟಾಗಿ ತೆಗೆದಿಟ್ಟು, 1627ರಲ್ಲಿ ಒಂದು ಭಾಗವನ್ನು ಇಲ್ಲಿಗೆ ತಂದರು. ಹಳೆ ಪೋರ್ಚುಗೀಸ್ ದಾಖಲೆಯಲ್ಲಿ ಮಠದ ಯಾವ ಕಿಟಕಿಯ ಹತ್ತಿರ ಇಟ್ಟಿದ್ದರು ಅನ್ನೋದು ಬರೆದಿತ್ತು. ಅದನ್ನೇ ಹಿಡಿದು ಪುರಾತತ್ವ ಇಲಾಖೆಯವರು ಅಗೆದರು. ಸಿಕ್ಕ ಮೂಳೆಯ ಡಿಎನ್‌ಎಯನ್ನು ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿ ಪರೀಕ್ಷಿಸಿತು. 2021ರ ಜುಲೈನಲ್ಲಿ ನಮ್ಮ ವಿದೇಶಾಂಗ ಸಚಿವರೇ ಒಯ್ದು ಜಾರ್ಜಿಯಾಕ್ಕೆ ಒಪ್ಪಿಸಿದರು. ಸುಮಾರು ನಾನೂರು ವರ್ಷದ ಮೇಲೆ ಅವಳು ಊರಿಗೆ ಹೋದಳು.

ಅಲ್ಲಿಂದ ರೋಸರಿ ಇಗರ್ಜಿಯ ಗುಡ್ಡದ ಅಂಚಿಗೆ ಬಂದರೆ ಹೊಳೆ, ಅದರಾಚೆ ದೀವಾಡಿ ದ್ವೀಪ. ಕೆಳಗಿಳಿದು ಫೆರ್ರಿ ಹತ್ತಿದೆವು. ನಡೆದು ಬಂದವರಿಗೆ ದುಡ್ಡಿಲ್ಲ. ಆಚೆ ದಡದಲ್ಲಿ ಸಿಕ್ಕ ರಿಕ್ಷಾದವರ ಹತ್ತಿರ ಅಪ್ಪ ಕೊಂಕಣಿಯಲ್ಲಿ ಮಾತು ಕುದುರಿಸಿದರು.

ದೀವಾಡಿಗೆ ಬಂದಿದ್ದು ಸಪ್ತಕೋಟೇಶ್ವರನಿಗಾಗಿ. ಗೋವಾ ಕದಂಬರ ಮನೆದೇವರು. ಅವರ ಚಿನ್ನದ ನಾಣ್ಯದ ಮೇಲೆ 'ಶ್ರೀ ಸಪ್ತಕೋಟೀಶ್ವರ ಲಬ್ಧ ವರಪ್ರಸಾದ' ಅಂತ ಇರುತ್ತಿತ್ತು. ಗುಡಿಯನ್ನು ಬಹಮನಿಗಳು ಕೆಡವಿದರು, ವಿಜಯನಗರದವರು ಮತ್ತೆ ಕಟ್ಟಿದರು, 16ನೇ ಶತಮಾನದಲ್ಲಿ ಪೋರ್ಚುಗೀಸರು ಮತ್ತೆ ಕೆಡವಿದರು. ಲಿಂಗವನ್ನು ಬಾವಿಕಟ್ಟೆಗೆ ಬಳಸಿದ್ದರಂತೆ. ಭಕ್ತರು ಅದನ್ನು ಹೊಳೆ ದಾಟಿಸಿ ಡಿಚೋಲಿ ಸೀಮೆಯ ನಾರ್ವೆಗೆ ಒಯ್ದರು. ಆ ಕಾಲದಲ್ಲಿ ಹೀಗೆ ದೇವರನ್ನು ಎತ್ತಿಕೊಂಡು ಓಡಿದವರು ಎಷ್ಟೋ ಜನ. ಮಂಗೇಶಿ ದೇವರು ಕುಶಸ್ಥಳಿಯಿಂದ ಹೊರಟು ಪ್ರಿಯೋಳ ಸೇರಿದ್ದೂ ಆಗಲೇ. 1560ರಲ್ಲಿ ಶುರುವಾದ ಇನ್‌ಕ್ವಿಸಿಷನ್ 1812ರವರೆಗೂ ಇತ್ತು. ಅದಕ್ಕೆ ಹೆದರಿ ಕರಾವಳಿಗುಂಟ ದಕ್ಷಿಣಕ್ಕೆ ಬಂದವರಲ್ಲಿ ಹಿಂದೂಗಳೂ ಇದ್ದರು, ಹೊಸದಾಗಿ ಕ್ರೈಸ್ತರಾದವರೂ ಇದ್ದರು. ಹೊನ್ನಾವರ, ಭಟ್ಕಳ, ಮಂಗಳೂರಿನ ಕೊಂಕಣಿ ಮನೆಗಳ ಕಥೆ ಕೇಳಿದರೆ ಎಷ್ಟೋ ಕಡೆ ಅದು ಈ ಹೊಳೆಯ ದಡಕ್ಕೇ ಬಂದು ನಿಲ್ಲುತ್ತದೆ.

ಹಳೆ ಗುಡಿಯ ಜಾಗದಲ್ಲಿ ಕೋಟಿತೀರ್ಥದ ಮೆಟ್ಟಿಲು ನೋಡಿ, ಇನ್ನೊಂದು ಫೆರ್ರಿಯಲ್ಲಿ ನಾರ್ವೆಗೆ ದಾಟಿದೆವು. ಅಲ್ಲಿ ಸಪ್ತಕೋಟೇಶ್ವರನ ಈಗಿನ ಗುಡಿ ಇದೆ. ಶಿವಾಜಿ 1668ರಲ್ಲಿ ಕಟ್ಟಿಸಿದ್ದು. ದುರಸ್ತಿಯಾಗಿ 2023ರಲ್ಲಿ ಮತ್ತೆ ತೆರೆದಿದ್ದಾರೆ. ಚಿಕ್ಕ ಗುಡಿ, ಹಂಚಿನ ಮಾಡು, ಮೇಲೆ ಗುಮ್ಮಟ. ಬಾಗಿಲ ಮೇಲೆ ಶಿವಾಜಿಯ ಹೆಸರಿನ ಕಲ್ಬರಹ.

ಒಳಗೆ ಪೂಜೆ ನಡೀತಿತ್ತು. ತೀರ್ಥ ತೆಗೆದುಕೊಂಡು ಹೊರಗೆ ಬಂದಾಗ ಅಪ್ಪ ಕಾಣಲಿಲ್ಲ. ಹಿಂಭಾಗಕ್ಕೆ ಹೋಗಿ ನೋಡಿದರೆ ಗೋಡೆಗೆ ಅಂಗೈ ಒತ್ತಿ ನಿಂತಿದ್ದರು. ಗೆಣ್ಣಿನಿಂದ ಎರಡು ಸಲ ಬಡಿದರು.

"ಗಾರೆ ಚಲೋ ಹಿಡಿದಿದೆ" ಅಂದರು. "ಒಳಗೆ ಕಲ್ಲು ಒಣಗಿದೆ ಮಗಾ."

ಫೆರ್ರಿ ಬರೋದಕ್ಕೆ ಇನ್ನೂ ಹೊತ್ತಿತ್ತು. ಅಪ್ಪ ಅಲ್ಲೇ ಜಗಲಿಯ ಮೇಲೆ ಮಂಡಿ ನೀಡಿಕೊಂಡು ಕೂತರು.